ಕೈಗೆ ಸಿಗುವ ಐನ್‌ಮನೆ: 3ಡಿ ಲೋಕದಲ್ಲಿ ವಸ್ತುಗಳನ್ನು ಹಿಡಿಯುವ, ತಿರುಗಿಸುವ, ಇಡುವ ಕೆಲಸಕ್ಕೊಂದು ಸಮಗ್ರ ಮಾರ್ಗದರ್ಶಿ

ಮಾವ ಮೌಸ್ ಹಿಡಿದು ಕಾಫಿ ಚೀಲದ ಮೂಲೆಗೆ ಕ್ಲಿಕ್ ಮಾಡಿದರು. 50 ಕೆಜಿಯ ಚೀಲ ಛಂಗನೆ ಜಿಗಿದು, ಕಯ್ಯಾಲೆಯ, ಅಂದರೆ ಮುಂಜಗಲಿಯ, ಮಾಡಿಗೆ ಬಡಿದು, ಹಂಚಿನಾಚೆ ಎಲ್ಲೋ ಮಾಯವಾಯಿತು. "ಇದೇನು ಚೀಲವೋ, ಜಾತ್ರೆ ಬಲೂನೋ?" ಎಂದು ಕೇಳಿ ಅವರು ಕಾಫಿ ಕುಡಿಯಲು ಎದ್ದು ಹೋದರು. ಕೊಡಗಿನ ನಮ್ಮ ಐನ್‌ಮನೆಯನ್ನು, ಅಂದರೆ ಕುಲದ ಹಿರಿಮನೆಯನ್ನು, ಮೂರು ವಾರ ಕೂತು ಕಂಪ್ಯೂಟರಿನಲ್ಲಿ ಕಟ್ಟಿದ ಮಾಡೆಲ್ ಅದು. ಕಂಬದ ಕೆತ್ತನೆ, ಜಗಲಿ ಕಂಬಗಳ ನಡುವೆ ಕೂರಲು ಇರುವ ಐಮರದ ಹಲಗೆಯ ಸವೆತ, ನಡುಮನೆಯಾದ ನೆಲ್ಲಕ್ಕಿಯಲ್ಲಿ ತೂಗುವ ದೀಪ ತೂಕ್ ಬೊಳ್ಚ, ಯಾವುದನ್ನೂ ಅವರು ನೋಡಲಿಲ್ಲ. ಚೀಲ ಸುಳ್ಳಾದ ಮೇಲೆ ಮನೆಯೂ ಸುಳ್ಳಾಯಿತು.

ಬೆಂಗಳೂರಿನಲ್ಲೂ ಅದರಾಚೆಗೂ ಇರುವ ನಮ್ಮ ಮಕ್ಕಳು ಸುಗ್ಗಿ ಹಬ್ಬ ಪುತ್ತರಿಗೆ ಒಮ್ಮೆ ಬಂದರೆ ಹೆಚ್ಚು. ಅವರು ಕೂತಲ್ಲೇ ಐನ್‌ಮನೆಯ ಕಯ್ಯಾಲೆಗೆ ಬಂದು, ಸೇರು, ಬುಟ್ಟಿ, ಅಗಲ ಅಲಗಿನ ಒಡಿಕತ್ತಿಗಳನ್ನು ಎತ್ತಿ ತಿರುಗಿಸಿ ನೋಡುವಂತಾಗಲಿ ಎಂದು ಶುರು ಮಾಡಿದ ಕೆಲಸ ಇದು. ಚಂದದ ಮಾಡೆಲ್ ಮಾಡಲು ಕಲಿಸುವ ವಿಡಿಯೋಗಳು ಬೇಕಾದಷ್ಟಿವೆ. ಹಿಡಿತವನ್ನು ಸರಿಮಾಡುವುದು ಹೇಗೆ ಎಂದು ಹೇಳುವವರು ಕಡಿಮೆ, ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಬಹುಪಾಲು ಅದೇ.

ಸಾಮಾನು

ಮಾಡೆಲ್ ಮಾಡಲು ಬ್ಲೆಂಡರ್, ಅದನ್ನು ಆಟದಂತೆ ಓಡಿಸಲು ಗೊಡೊ, ಎರಡೇ ಸಾಕು. ಎರಡೂ ಉಚಿತ, ಎರಡರ ಮೂಲ ಕೋಡೂ ಮುಕ್ತ. ಗೊಡೊವನ್ನು ಇನ್‌ಸ್ಟಾಲ್ ಕೂಡ ಮಾಡಬೇಕಿಲ್ಲ, ಜಿಪ್ ಬಿಚ್ಚಿ ತೆರೆದರೆ ಆಯಿತು. ಹೊಸ ಪ್ರಾಜೆಕ್ಟ್ ತೆರೆಯುವಾಗ ಅದು ರೆಂಡರರ್ (ಪರದೆಯ ಮೇಲೆ ಚಿತ್ರ ಬಿಡಿಸುವ ಭಾಗ) ಯಾವುದು ಎಂದು ಕೇಳುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪ್ ಆದರೆ, ಅಥವಾ ಕೊನೆಗೆ ಬ್ರೌಸರಿನಲ್ಲಿ ಓಡಿಸುವ ಆಸೆ ಇದ್ದರೆ, ಕಂಪ್ಯಾಟಿಬಿಲಿಟಿ ಆರಿಸಿಕೊಳ್ಳಿ. ಬ್ರೌಸರಿಗೆ ಕಳಿಸಲು ಬರುವುದು ಅದೊಂದೇ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟನ್ನು ನಂಬಬೇಡಿ. ಒಂದು ಗಾಳಿಗೆ ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಪ್ರತಿ ಬದಲಾವಣೆಗೂ ಕಂಟ್ರೋಲ್-ಎಸ್ ಒತ್ತುವ ಚಟ ಹಿಡಿಸಿಕೊಳ್ಳಿ.

ಮೊದಲು ಟೇಪು, ಆಮೇಲೆ ಕಂಪ್ಯೂಟರು

ಎತ್ತಬೇಕಾದ ಪ್ರತಿ ವಸ್ತುವನ್ನೂ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಗೊಡೊದಲ್ಲಿ ಒಂದು ಯೂನಿಟ್ ಎಂದರೆ ಒಂದು ಮೀಟರ್. ಗುರುತ್ವ 9.8 ಎಂದು ಮೊದಲೇ ಇಟ್ಟಿರುತ್ತಾರೆ. ಆ ಲೆಕ್ಕದಲ್ಲಿ ಒಂದು ಮೀಟರ್ ಎತ್ತರದಿಂದ ಬಿದ್ದ ಬುಟ್ಟಿ 0.45 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ನೀವು ಅಳತೆ ನೋಡದೆ ಎಲ್ಲವನ್ನೂ ಹತ್ತು ಪಟ್ಟು ದೊಡ್ಡದಾಗಿ ಮಾಡಿದ್ದರೆ ಅದೇ ಬುಟ್ಟಿ 10 ಮೀಟರ್ ಬೀಳಬೇಕು, 1.43 ಸೆಕೆಂಡ್ ಹಿಡಿಯುತ್ತದೆ. ಪರದೆಯ ಮೇಲೆ ಎರಡೂ ಒಂದೇ ಗಾತ್ರ ಕಾಣುತ್ತವೆ, ಆದರೆ ಎರಡನೆಯದು ಕೆರೆಯ ನೀರಿನೊಳಗೆ ಮುಳುಗಿದಂತೆ ಬೀಳುತ್ತದೆ. ಆಗ ಗುರುತ್ವ ಹೆಚ್ಚಿಸಿ ಸರಿಮಾಡಲು ಹೋಗುವವರೇ ಜಾಸ್ತಿ. ತಿದ್ದಬೇಕಾದದ್ದು ಅಳತೆಯನ್ನು.

ಬ್ಲೆಂಡರಿನಲ್ಲಿ ಮೂರೇ ಅಕ್ಷರ ಕಲಿತರೆ ಮುಕ್ಕಾಲು ಕೆಲಸ ನಡೆಯುತ್ತದೆ: ಸರಿಸಲು ಜಿ, ತಿರುಗಿಸಲು ಆರ್, ಹಿಗ್ಗಿಸಿ ಕುಗ್ಗಿಸಲು ಎಸ್. ಅದರ ಬೆನ್ನಿಗೇ ಎಕ್ಸ್, ವೈ, ಝಡ್‌ನಲ್ಲಿ ಒಂದನ್ನು ಒತ್ತಿದರೆ ಆ ದಿಕ್ಕಿಗೆ ಮಾತ್ರ. ಜಿ, ಝಡ್, ಆಮೇಲೆ 0.4 ಟೈಪಿಸಿ ಎಂಟರ್ ಒತ್ತಿದರೆ ವಸ್ತು ಸರಿಯಾಗಿ 40 ಸೆಂ.ಮೀ. ಮೇಲೇರುತ್ತದೆ. ಗಾತ್ರ ಬದಲಿಸಿದ ಮೇಲೆ ಕಂಟ್ರೋಲ್-ಎ ಒತ್ತಿ ಸ್ಕೇಲನ್ನು ಅಪ್ಲೈ ಮಾಡಲು ಮರೆಯಬೇಡಿ. ಮರೆತರೆ ಶಿಕ್ಷೆ ಮುಂದೆ ಕಾದಿದೆ.

ಇನ್ನು ಒರಿಜಿನ್, ಅಂದರೆ ವಸ್ತುವಿನ ಮೂಲಬಿಂದು. ಆ ಕಿತ್ತಳೆ ಚುಕ್ಕಿಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ವಸ್ತು ತಿರುಗುವುದು ಅದರ ಸುತ್ತ. ಒಡಿಕತ್ತಿಯ ಒರಿಜಿನ್ ಅಲಗಿನ ನಡುವೆ ಇದ್ದರೆ ಅದು ಫ್ಯಾನಿನಂತೆ ಸುತ್ತುತ್ತದೆ, ಹಿಡಿಯಲ್ಲಿ ಇದ್ದರೆ ಕೈಯಲ್ಲಿ ಹಿಡಿದ ಕತ್ತಿಯಂತೆ. ತೂಗುದೀಪಕ್ಕೆ ಸರಪಳಿಯ ಮೇಲ್ತುದಿಯಲ್ಲಿಡಿ, ಚೀಲಕ್ಕೆ ಹೊಟ್ಟೆಯ ಸ್ವಲ್ಪ ಕೆಳಗೆ.

ಮಾಡೆಲನ್ನು ಜಿಎಲ್‌ಬಿ ಎಂಬ ಫೈಲ್ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ ಗೊಡೊದ ಫೈಲ್ ಪಟ್ಟಿಗೆ ಎಳೆದು ಹಾಕಿ. ಬ್ಲೆಂಡರಿನಲ್ಲಿ ಮೇಲ್ದಿಕ್ಕು ಝಡ್, ಗೊಡೊದಲ್ಲಿ ವೈ. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಅದಕ್ಕೆ ಟಿಕ್ ಮೊದಲೇ ಇರುತ್ತದೆ, ಮುಟ್ಟಬೇಡಿ.

ಕಣ್ಣಿಗೊಂದು ಮೈ, ಡಿಕ್ಕಿಗೊಂದು ಮೈ

ನೋಡಲು ಕಾಣುವ ಮಾಡೆಲ್ ಬೇರೆ, ಇನ್ನೊಂದಕ್ಕೆ ತಾಗುವ ಆಕಾರ ಬೇರೆ. ಗೊಡೊದಲ್ಲಿ ಎತ್ತಬಹುದಾದ ಪ್ರತಿ ವಸ್ತುವೂ ಒಂದು ರಿಜಿಡ್‌ಬಾಡಿ3ಡಿ, ಅಂದರೆ ಬೀಳುವ, ಉರುಳುವ ಗಟ್ಟಿ ವಸ್ತು. ಅದರ ಹೊಟ್ಟೆಯೊಳಗೆ ಕಣ್ಣಿಗೆ ಕಾಣುವ ಮೈ, ಅಂದರೆ ಮೆಶ್, ಒಂದು; ಡಿಕ್ಕಿಯ ಆಕಾರ, ಅಂದರೆ ಕೊಲಿಷನ್‌ಶೇಪ್3ಡಿ, ಒಂದು. ನೆಲ, ಗೋಡೆ, ಕಂಬ, ಐಮರ ಇವೆಲ್ಲ ಅಲುಗದ ಸ್ಟ್ಯಾಟಿಕ್‌ಬಾಡಿ3ಡಿ. ಚೀಲಕ್ಕೆ ಪೆಟ್ಟಿಗೆಯಾಕಾರ, ಸೇರಿಗೆ ಸಿಲಿಂಡರ್, ಕತ್ತಿಗೆ ಎರಡು ಪೆಟ್ಟಿಗೆ ಸಾಕು. ಮಾಡೆಲಿನ ಪ್ರತಿ ಅಂಕುಡೊಂಕನ್ನೂ ಡಿಕ್ಕಿಯ ಆಕಾರಕ್ಕೆ ತರುವ ಹಟ ಬೇಡ. ಅಂಥ ತಗ್ಗುದಿಣ್ಣೆಯ ಆಕಾರ ನಿಂತ ವಸ್ತುಗಳಿಗೆ ಮಾತ್ರ ಹೇಳಿ ಮಾಡಿಸಿದ್ದು.

ಬುಟ್ಟಿ ಮಾತ್ರ ಪೀಡೆ. ಅದಕ್ಕೆ ತಾನಾಗಿ ಕಾನ್ವೆಕ್ಸ್ (ತಗ್ಗೇ ಇಲ್ಲದ, ಉಬ್ಬು ಮಾತ್ರ ಇರುವ) ಆಕಾರ ಮಾಡಿಸಿದರೆ ಬಾಯಿ ಮುಚ್ಚಿಹೋಗುತ್ತದೆ, ಹಾಕಿದ ಕಾಫಿ ಹಣ್ಣು ಗಾಳಿಯಲ್ಲೇ ನಿಲ್ಲುತ್ತದೆ. ತಳಕ್ಕೊಂದು ಚಪ್ಪಟೆ ಸಿಲಿಂಡರ್ ಇಟ್ಟು, ಸುತ್ತ ಎಂಟು ತೆಳು ಪೆಟ್ಟಿಗೆಗಳನ್ನು ಬುಟ್ಟಿ ಹೆಣೆದಂತೆ ಓರೆಯಾಗಿ ನಿಲ್ಲಿಸಿ. ಅರ್ಧ ಗಂಟೆಯ ಕೆಲಸ, ಆದರೆ ಹಣ್ಣು ಒಳಗೆ ಬಿದ್ದು ಉರುಳಿ ನಿಂತಾಗ ಆ ಅರ್ಧ ಗಂಟೆ ಸಾರ್ಥಕ ಅನ್ನಿಸುತ್ತದೆ.

ಆಗ ಹೇಳಿದ ಶಿಕ್ಷೆ ಇಲ್ಲಿದೆ: ರಿಜಿಡ್‌ಬಾಡಿಯ ಸ್ಕೇಲನ್ನು ನೀವು ಬದಲಿಸಿದರೂ ಓಡಿಸಿದ ಕೂಡಲೇ ಫಿಸಿಕ್ಸ್ ಎಂಜಿನ್ (ಬೀಳುವುದು, ತಾಗುವುದನ್ನು ಲೆಕ್ಕ ಹಾಕುವ ಭಾಗ) ಅದನ್ನು ಅಳಿಸಿಹಾಕುತ್ತದೆ. ಎಡಿಟರಿನಲ್ಲಿ ಸರಿ ಕಂಡ ಸೇರು ಆಟದಲ್ಲಿ ಹಂಡೆಯಷ್ಟಾಗುತ್ತದೆ. ಗಾತ್ರ ಬದಲಿಸಬೇಕಿದ್ದರೆ ಒಳಗಿನ ಮೆಶ್‌ನದ್ದನ್ನೂ ಆಕಾರದ್ದನ್ನೂ ಬದಲಿಸಿ, ಹೊರಗಿನ ಬಾಡಿಯನ್ನು 1ರಲ್ಲೇ ಬಿಡಿ.

ಯಾವುದನ್ನು ಎತ್ತಬೇಕು ಎಂದು ತಿಳಿಯುವುದು

ಮೌಸ್ ಇರುವುದು ಚಪ್ಪಟೆ ಪರದೆಯ ಮೇಲೆ, ವಸ್ತು ಇರುವುದು ಆಳದಲ್ಲಿ. ಇವೆರಡನ್ನು ಜೋಡಿಸುವುದು ಕಿರಣ. ಕ್ಯಾಮೆರಾದಿಂದ ಹೊರಟು, ಮೌಸ್ ತುದಿಯ ಮೂಲಕ ಹಾದು, ಮುಂದೆ ನಾಲ್ಕು ಮೀಟರ್ ಹೋಗುವ ಒಂದು ಗೆರೆ ಎಳೆಯಿರಿ. ಕಿರಣ ಎಲ್ಲಿಂದ ಹೊರಡಬೇಕು, ಯಾವ ದಿಕ್ಕಿಗೆ ಹೋಗಬೇಕು ಎಂಬುದನ್ನು ಗೊಡೊದ ಕ್ಯಾಮೆರಾ ತಾನೇ ಹೇಳುತ್ತದೆ. ಆ ಗೆರೆ ಮೊದಲು ಯಾವುದಕ್ಕೆ ತಾಗಿತು, ಯಾವ ಬಿಂದುವಿನಲ್ಲಿ ತಾಗಿತು ಎಂಬ ಎರಡು ಉತ್ತರ ನಮಗೆ ಬೇಕು. ಈ ಕೇಳುವ ಕೆಲಸವನ್ನು ಫಿಸಿಕ್ಸ್ ಹೆಜ್ಜೆಯೊಳಗೆ, ಅಂದರೆ ಆ ಎಂಜಿನ್ ಒಂದು ಸಲ ಲೆಕ್ಕ ಹಾಕುವಾಗ, ಇಡಿ. ಅದು ಸೆಕೆಂಡಿಗೆ 60 ಸಲ ನಡೆಯುತ್ತದೆ.

ಇಲ್ಲೊಂದು ಹಳ್ಳವಿದೆ, ಬೀಳಬೇಡಿ. ಎತ್ತಬಹುದಾದ ವಸ್ತುಗಳನ್ನು ಬೇರೆ ಲೇಯರಿಗೆ (ಡಿಕ್ಕಿಯ ಗುಂಪಿಗೆ) ಹಾಕಿ, ಕಿರಣ ಆ ಲೇಯರನ್ನು ಮಾತ್ರ ನೋಡಲಿ ಎಂದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ನನಗೂ ಹೊಳೆದಿತ್ತು. ಆಗ ಕಿರಣಕ್ಕೆ ಗೋಡೆ ಕಾಣುವುದೇ ಇಲ್ಲ. ಅಡುಗೆಮನೆಯಲ್ಲಿದ್ದ ಸೇರನ್ನು ನಾನು ಕಯ್ಯಾಲೆಯಲ್ಲಿ ನಿಂತೇ ಎತ್ತಿದ್ದೆ. ಕಿರಣ ಗೋಡೆಯನ್ನೂ ನೋಡಲಿ. ತಾಗಿದ್ದು ಗೋಡೆಯಾದರೆ ಸುಮ್ಮನಿರಿ.

ತಾಗಿದ್ದು ಎತ್ತುವ ವಸ್ತುವಾದರೆ ಅಂಚು ಸ್ವಲ್ಪ ಬೆಳಗಲಿ. ಕ್ಲಿಕ್ ಮಾಡುವ ಮುಂಚೆಯೇ ಇದನ್ನು ಎತ್ತಬಹುದು ಎಂದು ತಿಳಿದರೆ ಜನ ಧೈರ್ಯವಾಗಿ ಮುಟ್ಟುತ್ತಾರೆ. ಚಿಕ್ಕ ವಸ್ತುಗಳಿಗೆ ಇನ್ನೊಂದು ಉಪಕಾರ ಬೇಕು. ಗುರಿ ಚಿಕ್ಕದಾದಷ್ಟೂ ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಒಂದೂವರೆ ಸೆಂಟಿಮೀಟರಿನ ಕಾಫಿ ಹಣ್ಣನ್ನು ಮೌಸಿನಲ್ಲಿ ಹಿಡಿಯುವುದು ಸೂಜಿಗೆ ದಾರ ಪೋಣಿಸಿದಂತೆ. ಅದರ ಸುತ್ತ ಐದು ಸೆಂಟಿಮೀಟರಿನ ಕಾಣದ ಏರಿಯಾ3ಡಿ (ಯಾವುದನ್ನೂ ತಡೆಯದ ವಲಯ) ಇಟ್ಟು ಅದಕ್ಕೆ ತಾಗಿದರೂ ಹಣ್ಣಿಗೆ ತಾಗಿದಂತೆ ಎಂದು ಲೆಕ್ಕ ಹಿಡಿಯಿರಿ. ಗೊಡೊದ ಕಿರಣ ಏರಿಯಾಗಳನ್ನು ತಾನಾಗಿ ನೋಡುವುದಿಲ್ಲ, ನೋಡು ಎಂದು ಹೇಳಬೇಕು. ಈ ಒಂದು ಟಿಕ್ ಹುಡುಕುತ್ತ ನನ್ನ ಒಂದು ಸಂಜೆ ಹೋಗಿದೆ.

ಹಿಡಿತ

ಈಗ ಚೀಲ ಯಾಕೆ ಹಾರಿತು ನೋಡೋಣ. ಮಾವ ಕ್ಲಿಕ್ ಮಾಡಿದ್ದು ಚೀಲದ ಮೂಲೆಗೆ. ನನ್ನ ಕೋಡು ಮಾಡಿದ್ದು ಚೀಲದ ನಡುವನ್ನು ತಂದು ಮೌಸಿನ ತುದಿಗೆ ಕೂರಿಸಿದ್ದು. ಮೂಲೆಗೂ ನಡುವಿಗೂ 30 ಸೆಂ.ಮೀ. ದೂರ. ಅಷ್ಟನ್ನೂ ಚೀಲ ಒಂದೇ ಹೆಜ್ಜೆಗೆ ಜಿಗಿಯಿತು, ಜಿಗಿದದ್ದು ಐಮರದ ಹಲಗೆಯ ಒಳಕ್ಕೆ. ಎರಡು ಗಟ್ಟಿ ವಸ್ತು ಒಂದರೊಳಗೊಂದು ಸಿಕ್ಕಿಕೊಂಡಾಗ ಫಿಸಿಕ್ಸ್ ಎಂಜಿನ್ ಅವನ್ನು ಬಿಡಿಸಲು ಜೋರಾಗಿ ತಳ್ಳುತ್ತದೆ. ಚೀಲ ಮಾಡಿಗೆ ಹೋಯಿತು.

ಅದಕ್ಕೆ ಕ್ಲಿಕ್ ಆದ ಕ್ಷಣದಲ್ಲಿ ಮೂರು ಸಂಗತಿ ನೆನಪಿಟ್ಟುಕೊಳ್ಳಬೇಕು. ತಾಗಿದ ವಸ್ತು ಯಾವುದು. ತಾಗಿದ ಬಿಂದು ಆ ವಸ್ತುವಿನ ಸ್ವಂತ ಲೆಕ್ಕದಲ್ಲಿ ಎಲ್ಲಿದೆ, ಅಂದರೆ ಮನೆಯ ಯಾವ ಜಾಗ ಅಂತಲ್ಲ, ಚೀಲದ ಯಾವ ಮೂಲೆ ಅಂತ. ಮೂರನೆಯದು, ಆ ಬಿಂದುವಿಗೆ ಕ್ಯಾಮೆರಾದಿಂದ ಎಷ್ಟು ದೂರ.

ಇಷ್ಟು ಕೈಯಲ್ಲಿದ್ದರೆ ಪ್ರತಿ ಹೆಜ್ಜೆಗೂ ಮಾಡುವ ಕೆಲಸ ಹೀಗೆ. ಈಗಿನ ಮೌಸ್ ಕಿರಣದ ಮೇಲೆ ಅದೇ ದೂರದಲ್ಲಿ ಒಂದು ಬಿಂದು ಗುರುತಿಸಿ, ಅದು ಗುರಿ. ಹಿಡಿದ ಮೂಲೆ ಈಗ ಎಲ್ಲಿದೆ ಎಂದು ವಸ್ತುವನ್ನೇ ಕೇಳಿ. ಎರಡರ ನಡುವಿನ ಅಂತರವನ್ನು ಒಂದು ಸಂಖ್ಯೆಯಿಂದ ಗುಣಿಸಿ ವಸ್ತುವಿಗೆ ವೇಗವಾಗಿ ಕೊಡಿ. ಗಮನಿಸಿ, ಕೊಡುವುದು ವೇಗ, ಸ್ಥಾನವಲ್ಲ. ಸ್ಥಾನವನ್ನು ನೇರವಾಗಿ ಬರೆದರೆ ವಸ್ತು ಗೋಡೆಯೊಳಗೂ ನುಗ್ಗುತ್ತದೆ. ವೇಗ ಕೊಟ್ಟರೆ ಗೋಡೆಗೆ ತಾಗಿ ನಿಲ್ಲುತ್ತದೆ, ಕಂಬ ಅಡ್ಡ ಬಂದರೆ ಉಜ್ಜಿಕೊಂಡು ಪಕ್ಕಕ್ಕೆ ಜಾರುತ್ತದೆ.

ಗುಣಿಸುವ ಆ ಸಂಖ್ಯೆಯಲ್ಲೇ ಎಲ್ಲ ಇದೆ. 60 ಇಟ್ಟರೆ ಅಂತರ ಒಂದೇ ಹೆಜ್ಜೆಗೆ ಮುಗಿಯುತ್ತದೆ, ವಸ್ತು ಮೌಸಿಗೆ ಅಂಟಿದಂತಿರುತ್ತದೆ. 12 ಇಟ್ಟರೆ ಪ್ರತಿ ಹೆಜ್ಜೆಗೆ ಅಂತರದ ಐದನೇ ಒಂದು ಪಾಲು ಕರಗುತ್ತದೆ. 4 ಇಟ್ಟರೆ ಹದಿನೈದರಲ್ಲಿ ಒಂದು ಪಾಲು ಮಾತ್ರ. ಸೇರಿಗೆ ನಾನು 15 ಇಟ್ಟಿದ್ದೇನೆ, ಬುಟ್ಟಿಗೆ 12, ತುಂಬಿದ ಚೀಲಕ್ಕೆ 4. ಮೌಸಿಗೆ ಭಾರ ಗೊತ್ತಿಲ್ಲ, ಹತ್ತಿಯನ್ನೂ ಕಬ್ಬಿಣವನ್ನೂ ಅದು ಒಂದೇ ತರಹ ಎಳೆಯುತ್ತದೆ. ಕೈಗೆ ಸಿಗದ ಭಾರವನ್ನು ಕಣ್ಣಿಗೆ ಕೊಡುವ ಉಪಾಯ ಈ ತಡ. ಮೌಸ್ ಮುಂದೆ ಹೋಗಿ, ಚೀಲ ಹಿಂದಿನಿಂದ ಒಲ್ಲದ ಮನಸ್ಸಿನಿಂದ ಬಂದರೆ ಭುಜ ತಾನಾಗಿ ಬಿಗಿಯುತ್ತದೆ. ನಂಬದಿದ್ದರೆ ಮಾಡಿ ನೋಡಿ.

ಮೇಲೆ ಒಂದಿಷ್ಟು ಬೇಲಿ ಹಾಕಿ. ವೇಗ ಸೆಕೆಂಡಿಗೆ ಆರು ಮೀಟರ್ ದಾಟದಿರಲಿ. ಅಂತರ ಒಂದು ಮೀಟರಿಗಿಂತ ಹೆಚ್ಚಾದರೆ ವಸ್ತು ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ, ಹಿಡಿತ ತಾನೇ ಬಿಟ್ಟುಹೋಗಲಿ. ಹಿಡಿದಿರುವಷ್ಟು ಹೊತ್ತು ತಿರುಗುವಿಕೆಯನ್ನು ತಗ್ಗಿಸುವ ಡ್ಯಾಂಪಿಂಗ್ ಹೆಚ್ಚಿಸಿ, ಇಲ್ಲದಿದ್ದರೆ ಮೂಲೆ ಹಿಡಿದ ಚೀಲ ಗಿರಗಿಟ್ಟಲೆಯಾಗುತ್ತದೆ. ಆಟಗಾರನ ದೇಹಕ್ಕೂ ಹಿಡಿದ ವಸ್ತುವಿಗೂ ಡಿಕ್ಕಿ ಬೇಡ ಎಂದು ಹೇಳಿಡಿ. ಇದನ್ನು ಬಿಟ್ಟರೆ ಕಾಲ ಕೆಳಗಿನ ಬುಟ್ಟಿಯನ್ನು ತಾನೇ ಎತ್ತಿ, ತಾನೇ ಅದರ ಮೇಲೆ ನಿಂತು, ಆಕಾಶಕ್ಕೆ ಏರುವ ವಿದ್ಯೆಯನ್ನು ಮಕ್ಕಳು ಹತ್ತು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ.

ಆಳದ ಮಾತು ಉಳಿಯಿತು. ವಸ್ತುವೊಂದಕ್ಕೆ ಆರು ಬಗೆಯ ಚಲನೆ: ಮೂರು ಸರಿಯುವುದು, ಮೂರು ತಿರುಗುವುದು. ಮೌಸಿಗೆ ಇರುವುದು ಎರಡು. ಉಳಿದ ನಾಲ್ಕಕ್ಕೆ ಯಾವುದಾದರೂ ಗುಂಡಿಯ ಸಹಾಯ ಬೇಕೇ ಬೇಕು. ದೂರ ಹತ್ತಿರಕ್ಕೆ ಮೌಸಿನ ಚಕ್ರ ಕೊಡಿ, ಒಂದು ಗೀಟಿಗೆ 10 ಸೆಂ.ಮೀ., ಅರ್ಧ ಮೀಟರಿನಿಂದ ನಾಲ್ಕು ಮೀಟರಿನೊಳಗೆ.

ತಿರುಗಿಸುವುದು, ಎಲ್ಲರೂ ಎಡವುವ ಜಾಗ

ಬಲ ಗುಂಡಿ ಒತ್ತಿ ಮೌಸ್ ಎಳೆದರೆ ವಸ್ತು ತಿರುಗಲಿ. ಇದಕ್ಕೆ ಇನ್‌ಸ್ಪೆಕ್ಟರಿನಲ್ಲಿ (ವಸ್ತುವಿನ ವಿವರ ತೋರಿಸುವ ಗೊಡೊದ ಪಟ್ಟಿಯಲ್ಲಿ) ಕಾಣುವ ಮೂರು ಕೋನಗಳನ್ನೇ ಹೆಚ್ಚು ಕಡಿಮೆ ಮಾಡಿದರಾಯಿತು ಎಂದು ಅನ್ನಿಸುತ್ತದೆ. ಒಡಿಕತ್ತಿಯನ್ನು ಹಾಗೆ ತಿರುಗಿಸಿ ನೋಡಿ. ಮಲಗಿದ್ದಾಗ ಸರಿಯಾಗಿಯೇ ಇರುತ್ತದೆ. ತುದಿ ನೆಟ್ಟಗೆ ಮೇಲಕ್ಕೆ ಬಂದ ಕೂಡಲೇ ಮೂರರಲ್ಲಿ ಎರಡು ಕೋನಗಳು ಒಂದೇ ಕೆಲಸ ಮಾಡತೊಡಗುತ್ತವೆ. ಒಂದು ದಿಕ್ಕಿಗೆ ತಿರುಗುವ ದಾರಿಯೇ ಮುಚ್ಚಿಹೋಗಿ ಕತ್ತಿ ಎತ್ತಲೋ ಹೊರಳುತ್ತದೆ. ಗಿಂಬಲ್ ಲಾಕ್ ಎಂಬುದು ಇದೇ. ಇದರಿಂದ ತಪ್ಪಿಸಿಕೊಳ್ಳಲು ಇರುವುದು ಕ್ವಾಟರ್ನಿಯನ್, ನಾಲ್ಕು ಸಂಖ್ಯೆಗಳಲ್ಲಿ ಒಂದು ತಿರುಗುವಿಕೆಯನ್ನು ಹಿಡಿದಿಡುವ ಗಣಿತ. ಅದರ ಸೂತ್ರ ಗಣಿತಜ್ಞ ವಿಲಿಯಂ ಹ್ಯಾಮಿಲ್ಟನ್‌ಗೆ ಹೊಳೆದದ್ದು 1843ರ ಅಕ್ಟೋಬರ್ 16ರಂದು, ಡಬ್ಲಿನ್‌ನ ಕಾಲುವೆಯ ದಂಡೆಯಲ್ಲಿ ಹೆಂಡತಿಯ ಜೊತೆ ನಡೆಯುತ್ತಿದ್ದಾಗ. ಅಲ್ಲೇ ಸೇತುವೆಯ ಕಲ್ಲಿನ ಮೇಲೆ ಕೆತ್ತಿಬಿಟ್ಟನಂತೆ. ಆ ಗಣಿತ ಪೂರ್ತಿ ಅರ್ಥವಾಗದಿದ್ದರೂ ಬಳಸಲು ಅಡ್ಡಿಯಿಲ್ಲ.

ಕ್ರಮ ಹೀಗಿದೆ. ಮೌಸ್ ಅಡ್ಡಕ್ಕೆ ಹೋದಷ್ಟು, ಲೋಕದ ಮೇಲ್ದಿಕ್ಕಿನ ಸುತ್ತ ಒಂದು ಚಿಕ್ಕ ತಿರುವು. ಮೌಸ್ ಮೇಲೆ ಕೆಳಗೆ ಹೋದಷ್ಟು, ಕ್ಯಾಮೆರಾದ ಬಲದಿಕ್ಕಿನ ಸುತ್ತ ಇನ್ನೊಂದು. ವಸ್ತುವಿನ ಸ್ವಂತ ದಿಕ್ಕುಗಳನ್ನು ಇಲ್ಲಿ ಬಳಸಬೇಡಿ, ನೋಡುವವರ ಕಣ್ಣಿನ ದಿಕ್ಕೇ ಮುಖ್ಯ. ಈ ಚಿಕ್ಕ ತಿರುವುಗಳನ್ನು ಗುರಿಯ ಕ್ವಾಟರ್ನಿಯನ್‌ಗೆ ಎಡಗಡೆಯಿಂದ ಗುಣಿಸಿ, ಪ್ರತಿ ಸಲ ನಾರ್ಮಲೈಸ್ ಮಾಡಿ, ಅಂದರೆ ಅದರ ಉದ್ದವನ್ನು ಮತ್ತೆ 1ಕ್ಕೆ ತನ್ನಿ. ಒಂದು ಪಿಕ್ಸೆಲಿಗೆ 0.4 ಡಿಗ್ರಿ ನನಗೆ ಹಿಡಿಸಿದ ಅಳತೆ: 450 ಪಿಕ್ಸೆಲ್ ಎಳೆದರೆ ವಸ್ತು ಬೆನ್ನು ತೋರಿಸುತ್ತದೆ. ಕಾಣದ ಚೆಂಡೊಂದರೊಳಗೆ ವಸ್ತುವನ್ನಿಟ್ಟು ಚೆಂಡನ್ನು ಉರುಳಿಸಿದಂತೆ ತಿರುಗಿಸುವ ಆರ್ಕ್‌ಬಾಲ್ ಎಂಬ ವಿಧಾನವನ್ನು ಕೆನ್ ಶೂಮೇಕ್ 1992ರಲ್ಲಿ ಬರೆದ. ಅದು ಹೆಚ್ಚು ಅಚ್ಚುಕಟ್ಟು. ಆದರೆ ನಮ್ಮ ಮನೆಯ ಹಿರಿಯರಿಗೆ ಅಡ್ಡ-ಉದ್ದದ ಸರಳ ವಿಧಾನವೇ ಬೇಗ ಕೈಗೆ ಹತ್ತಿತು.

ಗುರಿಯತ್ತ ತಿರುಗಿಸುವಾಗಲೂ ವೇಗವನ್ನೇ ಕೊಡಿ, ಈ ಸಲ ತಿರುಗುವ ವೇಗ. ಈಗಿನ ತಿರುವಿಗೂ ಗುರಿಯ ತಿರುವಿಗೂ ಇರುವ ವ್ಯತ್ಯಾಸದಿಂದ ಒಂದು ಅಕ್ಷ ಮತ್ತು ಒಂದು ಕೋನ ಸಿಗುತ್ತದೆ. ಕೋನ 180 ದಾಟಿದ್ದರೆ ಅದರಿಂದ 360 ಕಳೆಯಿರಿ. ಕಳೆಯದಿದ್ದರೆ ಹತ್ತು ಡಿಗ್ರಿ ಎಡಕ್ಕೆ ಹೊರಳಬೇಕಾದ ಕತ್ತಿ 350 ಡಿಗ್ರಿ ಬಲಕ್ಕೆ ಸುತ್ತು ಹಾಕಿ ಬರುತ್ತದೆ, ಭಾಗಮಂಡಲಕ್ಕೆ ಹೊರಟವರು ಮೈಸೂರು ಸುತ್ತಿ ಬಂದಂತೆ.

ಬಿಡುವುದು, ಕೂರಿಸುವುದು

ಗುಂಡಿ ಬಿಟ್ಟಾಗ ವಸ್ತುವಿಗೆ ಯಾವ ವೇಗ ಇರಬೇಕು? ಕೊನೆಯ ಹೆಜ್ಜೆಯದ್ದನ್ನು ಮಾತ್ರ ಇಟ್ಟರೆ ಕೈ ನಡುಗಿದವರ ಸೇರು ಅಂಗಳಕ್ಕೆ ಹಾರುತ್ತದೆ. ಕೊನೆಯ ಐದು ಹೆಜ್ಜೆಗಳ ಸರಾಸರಿ ತೆಗೆದುಕೊಳ್ಳಿ. ಕಾಫಿ ಹಣ್ಣಿನಂಥ ಚಿಕ್ಕ, ವೇಗದ ವಸ್ತುಗಳಿಗೆ ಕಂಟಿನ್ಯೂಯಸ್ ಸಿಡಿ (ದಾರಿಯುದ್ದಕ್ಕೂ ಡಿಕ್ಕಿ ನೋಡುವ ಆಯ್ಕೆ) ಹಾಕಿ, ಇಲ್ಲದಿದ್ದರೆ ಎರಡು ಹೆಜ್ಜೆಗಳ ನಡುವೆ ಅವು ಹಲಗೆಯನ್ನೇ ದಾಟಿಬಿಡುತ್ತವೆ. ಐದು ಮೀಟರ್ ಆಳಕ್ಕೆ ಬಿದ್ದದ್ದು ತನ್ನ ಮೊದಲ ಜಾಗಕ್ಕೆ ಮರಳಲಿ.

ಕೆಲವು ವಸ್ತುಗಳಿಗೆ ಅವುಗಳದೇ ಜಾಗ ಇರುತ್ತದೆ. ಸೆಪ್ಟೆಂಬರ್ 3ರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಆಯುಧಗಳನ್ನು ಸಾಲಾಗಿ ಇಟ್ಟು ತೋಕ್ ಪೂ ಎಂಬ ಹೂವು ಮುಡಿಸುವ ದೃಶ್ಯವನ್ನು ನಾನು ಮಾಡಿದ್ದು ಮಕ್ಕಳಿಗಾಗಿ. ಒಡಿಕತ್ತಿಯನ್ನು ಮೌಸಿನಲ್ಲಿ ಹಲಗೆಯ ಮೇಲೆ ನೇರವಾಗಿ ಇಡುವುದು ದೊಡ್ಡವರಿಗೂ ಆಗಲಿಲ್ಲ. ಅದಕ್ಕೆ ಹಲಗೆಯ ಮೇಲೆ ಒಂದು ಏರಿಯಾ3ಡಿ, ಅದರೊಳಗೆ ಕತ್ತಿಯ ಮಸುಕು ನೆರಳು. ಕೈ ಬಿಟ್ಟಾಗ ಕತ್ತಿ 10 ಸೆಂ.ಮೀ. ಒಳಗೆ, 25 ಡಿಗ್ರಿ ಒಳಗೆ ಇದ್ದರೆ 0.15 ಸೆಕೆಂಡಿನಲ್ಲಿ ಜಾರಿ ತನ್ನ ಜಾಗದಲ್ಲಿ ಕೂರುತ್ತದೆ. ಕೂತ ಮೇಲೆ ಫ್ರೀಜ್, ಅಂದರೆ ಅಲುಗದಂತೆ ಕಟ್ಟಿಹಾಕುವುದು, ಜೊತೆಗೆ ಮರಕ್ಕೆ ಲೋಹ ತಾಗಿದ ಸಣ್ಣ ಸದ್ದು. ಆ ಸದ್ದನ್ನು ಮೊಬೈಲಿನಲ್ಲಿ ನಿಜವಾದ ಕತ್ತಿಯಿಂದಲೇ ರೆಕಾರ್ಡ್ ಮಾಡಿಕೊಂಡೆ. ತೋಕ್ ಪೂವಿಗೆ ಫಿಸಿಕ್ಸ್ ಹಾಕಲೇ ಇಲ್ಲ. ತಾಗಿದಲ್ಲಿ ಅಂಟಿಕೊಳ್ಳುತ್ತದೆ, ಅಷ್ಟೇ. ಹೂವಿಗೆ ಅದಕ್ಕಿಂತ ಹೆಚ್ಚು ನಿಜ ಬೇಕಿಲ್ಲ.

ಫೋನು, ಹೆಡ್‌ಸೆಟ್

ಲಿಂಕ್ ಕಳಿಸಿದರೆ ಹತ್ತರಲ್ಲಿ ಒಂಬತ್ತು ಜನ ಫೋನಿನಲ್ಲೇ ತೆರೆಯುತ್ತಾರೆ. ಒಂದು ಬೆರಳಿಗೆ ಸರಿಸುವುದು, ಎರಡು ಬೆರಳು ತಿರುಚಿದರೆ ತಿರುಗುವುದು, ಹಿಗ್ಗಿಸಿದರೆ ಹತ್ತಿರ ಬರುವುದು. ಬೆರಳೇ ವಸ್ತುವನ್ನು ಮುಚ್ಚುತ್ತದೆ, ಹಾಗಾಗಿ ಹಿಡಿದದ್ದನ್ನು ಬೆರಳಿಗಿಂತ ತುಸು ಮೇಲೆ ತೋರಿಸಿ. ಎಂಜಿನ್ ಒಂದೇ ಹತ್ತಾರು ಎಂಬಿ ತೂಗುವುದರಿಂದ ಚಿತ್ರಗಳ ಗಾತ್ರ ಇಳಿಸಿ. ತೋಟದ ಮೂಲೆಯಲ್ಲಿ ಒಂದೇ ಗೀಟು ಸಿಗ್ನಲ್ ಹಿಡಿದು ಕೂತವರೂ ಇದ್ದಾರೆ.

ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ಟಿನಲ್ಲಿ ಲೆಕ್ಕ ಸುಲಭ, ಕೈಗೆ ಆರೂ ಚಲನೆ ಬರುತ್ತದೆ. ಹಿಡಿದ ಕ್ಷಣದಲ್ಲಿ ಕೈಗೂ ವಸ್ತುವಿಗೂ ಇದ್ದ ಅಂತರ ಮತ್ತು ತಿರುವನ್ನು ಉಳಿಸಿಕೊಂಡರೆ ಮೇಲಿನ ಕೋಡೇ ನಡೆಯುತ್ತದೆ. ದೂರದ್ದನ್ನು ಎಟುಕಿಸಲು ಸಂಶೋಧಕ ಇವಾನ್ ಪುಪಿರೆವ್ ಮತ್ತು ಜೊತೆಗಾರರು 1996ರಲ್ಲಿ ಕೊಟ್ಟ ಗೋ-ಗೋ ಉಪಾಯ ಇವತ್ತಿಗೂ ಚೆನ್ನ: ತೋಳಿನ ಉದ್ದದ ಮೂರರಲ್ಲಿ ಎರಡು ಭಾಗದವರೆಗೆ ಕೈ ಇದ್ದಂತೆಯೇ ಇರುತ್ತದೆ, ಅದಾದ ಮೇಲೆ ಚಾಚಿದಷ್ಟೂ ಪಟ್ಟು ಪಟ್ಟಾಗಿ ಉದ್ದವಾಗುತ್ತದೆ. ಹೆಡ್‌ಸೆಟ್ 72 ಹರ್ಟ್ಸ್‌ನಲ್ಲಿ ಓಡುತ್ತಿದ್ದರೆ ಫಿಸಿಕ್ಸ್ ಹೆಜ್ಜೆಯನ್ನೂ 60ರಿಂದ 72ಕ್ಕೆ ಏರಿಸಿ, ಇಲ್ಲದಿದ್ದರೆ ಹಿಡಿದದ್ದು ನಡುಗುತ್ತದೆ. ಎತ್ತಿ ಹಿಡಿದ ಕೈ ಬೇಗ ಸೋಲುವುದರಿಂದ ಮುಖ್ಯ ವಸ್ತುಗಳನ್ನು ಎದೆಗಿಂತ ಕೆಳಗಿಡಿ.

ಯಾರಿಂದ ಪರೀಕ್ಷೆ ಮಾಡಿಸುವುದು

ಆಟ ಆಡುವ ಹುಡುಗರಿಂದ ಬೇಡ. ಅವರು ತಪ್ಪಿಗೂ ಹೊಂದಿಕೊಂಡುಬಿಡುತ್ತಾರೆ. ಮೌಸನ್ನು ಬ್ಯಾಂಕಿನ ಕೆಲಸಕ್ಕೆ ಮಾತ್ರ ಹಿಡಿದವರನ್ನು ಕೂರಿಸಿ, ನೀವು ಹಿಂದೆ ಬಾಯಿಮುಚ್ಚಿ ನಿಲ್ಲಿ.

ಎರಡು ತಿಂಗಳ ಮೇಲೆ ಮಾವನನ್ನು ಮತ್ತೆ ಕರೆದೆ. ಚೀಲದ ಅದೇ ಮೂಲೆ ಹಿಡಿದರು. ಅದು ಮೆಲ್ಲಗೆ ಎದ್ದಿತು, ಐಮರದ ಅಂಚಿಗೆ ಉಜ್ಜಿ ನಿಂತಿತು, ಅವರು ಚಕ್ರ ತಿರುಗಿಸಿ ಸುತ್ತು ಹಾಕಿ ಮೇಲಿಟ್ಟರು. ಏನೂ ಹೇಳಲಿಲ್ಲ. ಆಮೇಲೆ ಬಾಗಿಲ ಬಲಕ್ಕಿದ್ದ ಸೇರನ್ನು ಸ್ವಲ್ಪ ಹೊತ್ತು ನೋಡಿ, "ಇದು ಇಲ್ಲಿ ಇರ್ತಿರಲಿಲ್ಲ" ಎಂದು ಗೊಣಗುತ್ತ ಅದನ್ನು ಎತ್ತಿ ಎಡಗಡೆಯ ಮೂಲೆಗೆ ತಂದರು. ಬಾಯಿ ಕೆಳಗಾಗಿತ್ತು. ಬಲ ಗುಂಡಿ ಒತ್ತಿ ನೆಟ್ಟಗೆ ಮಾಡಿ ಇಟ್ಟರು. ಈಗ ಪ್ರಾಜೆಕ್ಟಿನಲ್ಲಿ ಸೇರಿನ ಮೊದಲ ಜಾಗ ಅದೇ.